ಕಾನೂನು ಬಿಗಿಯಾದಷ್ಟೂ ಗುತ್ತಿಗೆ ಕಾರ್ಮಿಕರು ಹೆಚ್ಚುತ್ತಾರೆಯೇ?

ಪ್ರಶ್ನೆ: ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಹಲವು ವರ್ಷಗಳಿಂದ ಒಂದೇ ಯಂತ್ರದ ಮುಂದೆ ದುಡಿಯುತ್ತಿದ್ದೇನೆ. ಗುತ್ತಿಗೆದಾರರು ಬದಲಾಗುತ್ತಾರೆ, ನನ್ನ ಕೆಲಸ ಬದಲಾಗುವುದಿಲ್ಲ. ಕಾರ್ಮಿಕ ಕಾನೂನು ಬಿಗಿಯಾಗಿರುವುದರಿಂದಲೇ ಮಾಲೀಕರು ಯಾರನ್ನೂ ಖಾಯಂ ಮಾಡಿಕೊಳ್ಳುವುದಿಲ್ಲ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಮಾತಿನಲ್ಲಿ ನಿಜಾಂಶವಿದೆ, ಆದರೆ ಹಾಗೆ ಹೇಳುವವರು ವಿಷಯದ ಇನ್ನೊಂದು ಅರ್ಧವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

1976ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ಸೇರಿದ ಅಧ್ಯಾಯವೊಂದರ ಪ್ರಕಾರ, 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ ಮತ್ತು ತೋಟಗಳು ಕಾರ್ಮಿಕರನ್ನು ಹೆಚ್ಚುವರಿಯೆಂದು ತೆಗೆಯುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕಾಯಿತು. 1982ರ ತಿದ್ದುಪಡಿ ಈ ಮಿತಿಯನ್ನು 100ಕ್ಕೆ ಇಳಿಸಿತು. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಹೀಗಾಗಿ ಬೇಡಿಕೆ ಏರಿದಾಗ ಗುತ್ತಿಗೆಯವರನ್ನು ಕರೆಸಿ, ಇಳಿದಾಗ ಕಳುಹಿಸುವುದು ಮಾಲೀಕರಿಗೆ ಸುಲಭದ ದಾರಿಯಾಯಿತು. ಕಾರ್ಮಿಕರ ಪರ ಕಾನೂನು ಬಲವಾಗಿರುವ ರಾಜ್ಯಗಳಲ್ಲಿ, ಬೇಡಿಕೆ ಹೆಚ್ಚಿದ ವರ್ಷ ಕಾರ್ಖಾನೆಗಳು ಉಳಿದೆಡೆಗಿಂತ ಹೆಚ್ಚಾಗಿ ಗುತ್ತಿಗೆ ಕಾರ್ಮಿಕರನ್ನೇ ಸೇರಿಸಿಕೊಳ್ಳುತ್ತವೆ ಎಂದು ಅರ್ಥಶಾಸ್ತ್ರಜ್ಞ ರಿತಮ್ ಚೌರೆ 2015ರಲ್ಲಿ ತೋರಿಸಿದ್ದಾರೆ. ಸಂಘಟಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಗುತ್ತಿಗೆಯವರ ಪಾಲು ಈ ಶತಮಾನದ ಆರಂಭದಲ್ಲಿ ಸುಮಾರು ಶೇ. 20 ಇದ್ದುದು ಈಗ ಶೇ. 40ರ ಆಸುಪಾಸಿನಲ್ಲಿದೆ.

ಆದರೆ ಇದಕ್ಕೆ ಖಾಯಂ ಕಾರ್ಮಿಕರ ರಕ್ಷಣೆಯೊಂದೇ ಕಾರಣವಲ್ಲ. ಗುತ್ತಿಗೆಯವರ ಕೂಲಿ ಕಡಿಮೆ, ಅವರು ಸಂಘ ಕಟ್ಟುವುದು ಕಷ್ಟ. ಒಂದೇ ಕೆಲಸಕ್ಕೆ ಎರಡು ಬಗೆಯ ನೇಮಕಾತಿ ಇದ್ದು, ಅವುಗಳ ಖರ್ಚಿನ ನಡುವೆ ಅಂತರವಿದ್ದರೆ ಅಗ್ಗದ ಕಡೆಗೇ ಕೆಲಸ ವಾಲುತ್ತದೆ. ಸ್ಪೇನ್ 1984ರಲ್ಲಿ ಖಾಯಂ ನೌಕರರ ರಕ್ಷಣೆಯನ್ನು ಮುಟ್ಟದೆ ತಾತ್ಕಾಲಿಕ ಕರಾರುಗಳನ್ನಷ್ಟೇ ಸಡಿಲಿಸಿತು. 1990ರ ದಶಕದ ಆರಂಭಕ್ಕೆ ಅಲ್ಲಿನ ಸಂಬಳದಾರರಲ್ಲಿ ಸುಮಾರು ಮೂವರಲ್ಲೊಬ್ಬರು ತಾತ್ಕಾಲಿಕರಾಗಿದ್ದರು. 2021ರ ಕೊನೆಯಲ್ಲಿ ಅದೇ ಕರಾರುಗಳಿಗೆ ಕಡಿವಾಣ ಹಾಕಿದ ಮೇಲೆ ಆ ಪಾಲು ಗಣನೀಯವಾಗಿ ಇಳಿಯಿತು. ಅಂದರೆ ಕಾನೂನಿನ ಬಿಗಿ ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯ.

ನಮ್ಮ ಕರಾವಳಿಗೆ ಇದು ಬೀಡಿಯ ಕಾಲದಿಂದಲೂ ಗೊತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿ, ಗುತ್ತಿಗೆದಾರನ ಹಿಂದಿರುವ ಮುಖ್ಯ ಮಾಲೀಕನ ಮೇಲೂ ಹೊಣೆ ಹೊರಿಸಿತು. ಅದು ಕೇಂದ್ರದ ಕಾಯಿದೆಯಾದರೂ ಜಾರಿಗೊಳಿಸುವುದು ರಾಜ್ಯಗಳ ಕೈಯಲ್ಲಿತ್ತು. ಕೇರಳ 1968ರಲ್ಲಿ ಜಾರಿಗೆ ಮುಂದಾದಾಗ ಮಂಗಳೂರು ಮೂಲದ ಬೀಡಿ ಉದ್ಯಮ ಕಣ್ಣೂರಿನ ಬ್ರಾಂಚುಗಳನ್ನು ಮುಚ್ಚಿತು. ಕೆಲಸ ಕಳೆದುಕೊಂಡವರಿಗಾಗಿ ಅಲ್ಲಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಗಡಿಯ ಒಂದು ಬದಿಯಲ್ಲಿ ಮಾತ್ರ ಜಾರಿಯಾದ ಕಾನೂನು ಕೆಲಸವನ್ನು ಇನ್ನೊಂದು ಬದಿಗೆ ತಳ್ಳುವುದು ಸಹಜ. 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯಿದೆಯನ್ನು ಎತ್ತಿಹಿಡಿಯಿತು.

ತಾತ್ಕಾಲಿಕ ಕೆಲಸವೆಲ್ಲವೂ ಕಾನೂನು ತಪ್ಪಿಸುವ ಉಪಾಯವೇನಲ್ಲ. ದೊಡ್ಡ ಘಟಕಗಳ ಶಟ್‌ಡೌನ್ ದುರಸ್ತಿಗೆ ಕೆಲವು ವಾರಗಳ ಮಟ್ಟಿಗೆ ಬರುವವರು, ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧವಿರುವ ಕಾರಣ ಬಿಡುವು ಪಡೆಯುವ ಮಲ್ಪೆಯ ಬಂದರಿನ ಕೆಲಸಗಾರರು ಯಾವ ಕಾನೂನಿದ್ದರೂ ಹೀಗೆಯೇ ಇರುತ್ತಿದ್ದರು. ವರ್ಷವಿಡೀ ನಡೆಯುವ ನಿಮ್ಮ ಯಂತ್ರದ ಕೆಲಸವನ್ನು ಈ ಸಾಲಿಗೆ ಸೇರಿಸಲಾಗದು.

2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯಿದೆಗಳ ಬದಲಿಗೆ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಖಾಯಂ ಮತ್ತು ತಾತ್ಕಾಲಿಕ ನೇಮಕಾತಿಯ ನಡುವಿನ ಅಂತರವನ್ನು ಎರಡೂ ಕಡೆಯಿಂದ ಕಿರಿದಾಗಿಸಲು ಯತ್ನಿಸಿವೆ. ಸರ್ಕಾರದ ಅನುಮತಿ ಬೇಕಾಗುವ ಮಿತಿ ಮತ್ತೆ 300ಕ್ಕೆ ಏರಿದೆ. ನಿಗದಿತ ಅವಧಿಗೆ ನೇರವಾಗಿ ನೇಮಕಗೊಂಡವರಿಗೆ ಖಾಯಂ ನೌಕರರಿಗೆ ಸಮನಾದ ಸೌಲಭ್ಯ ಸಿಗಬೇಕು. ಗ್ರಾಚ್ಯುಟಿಗೆ ಅವರು 5 ವರ್ಷ ಕಾಯಬೇಕಿಲ್ಲ, 1 ವರ್ಷ ಸಾಕು. ಆದರೆ ಅಂಥ ಕರಾರನ್ನು ಎಷ್ಟು ಸಲ ನವೀಕರಿಸಬಹುದು ಎಂಬುದಕ್ಕೆ ಸಂಹಿತೆಯಲ್ಲಿ ಮಿತಿಯಿಲ್ಲ. ಇದು ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ. ಮುಖ್ಯ ಉತ್ಪಾದನಾ ಕೆಲಸದಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸುವಂತಿಲ್ಲ ಎನ್ನುವ ನಿಯಮಕ್ಕೂ ವಿನಾಯಿತಿಗಳಿವೆ. ಗುತ್ತಿಗೆ ಕಾರ್ಮಿಕರ ಕುರಿತ ನಿಯಮಗಳು ಅನ್ವಯಿಸುವ ಮಿತಿ 20ರಿಂದ 50 ಕಾರ್ಮಿಕರಿಗೆ ಏರಿರುವುದರಿಂದ ಸಣ್ಣ ಗುತ್ತಿಗೆದಾರರು ಹೆಚ್ಚಿದರೆ ಆಶ್ಚರ್ಯವಿಲ್ಲ.

ಇನ್ನು ನಿಮ್ಮ ವಿಷಯ. ಎಷ್ಟು ವರ್ಷ ದುಡಿದರೂ ಗುತ್ತಿಗೆ ಕಾರ್ಮಿಕರು ತಾವಾಗಿಯೇ ಖಾಯಂ ಆಗುವುದಿಲ್ಲ ಎಂದು ಸರ್ಕಾರಿ ಕಂಪನಿಯಾದ ಭಾರತೀಯ ಉಕ್ಕು ಪ್ರಾಧಿಕಾರದ (ಸೈಲ್) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಗುತ್ತಿಗೆ ಬರೀ ಕಾಗದದ್ದಾಗಿದ್ದರೆ ಮಾತ್ರ ಕಾರ್ಮಿಕನನ್ನು ಮುಖ್ಯ ಮಾಲೀಕನ ನೌಕರನೆಂದೇ ಪರಿಗಣಿಸಬೇಕೆಂದೂ ಅದೇ ತೀರ್ಪು ಹೇಳುತ್ತದೆ. ಇದನ್ನು ನಿರ್ಧರಿಸುವುದು ಕೈಗಾರಿಕಾ ನ್ಯಾಯಮಂಡಳಿ. ದಿನದ ಕೆಲಸ ಹಂಚುವವರು, ರಜೆ ಕೊಡುವವರು, ಮೇಲ್ವಿಚಾರಣೆ ಮಾಡುವವರು ಯಾರು ಎಂಬುದು ಅಲ್ಲಿ ಮುಖ್ಯವಾಗುವುದರಿಂದ ಗೇಟ್ ಪಾಸ್, ಪಿ.ಎಫ್. ಮತ್ತು ಇ.ಎಸ್.ಐ. ದಾಖಲೆ, ಶಿಫ್ಟ್ ಪಟ್ಟಿಗಳನ್ನು ಗುತ್ತಿಗೆದಾರರು ಬದಲಾದಾಗಲೆಲ್ಲ ತೆಗೆದಿಟ್ಟುಕೊಳ್ಳಿ.