ತಾಳಮದ್ದಳೆ ಕೇಳಲು ಮ್ಯೂಸಿಕ್ ಪ್ಲೇಯರ್: ಎಷ್ಟು ಜಿಬಿ ಬೇಕು?

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ. ತೋಟದ ಕೆಲಸದ ಮಧ್ಯೆ ತಾಳಮದ್ದಳೆ, ದಾಸರ ಪದ ಕೇಳುವ ಅಭ್ಯಾಸ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಟಚ್ ಫೋನು ಅವರ ಕೈಗೆ ಒಗ್ಗುವುದಿಲ್ಲ. ಚಿಕ್ಕದೊಂದು ಎಂಪಿ3 ಪ್ಲೇಯರ್ ಕೊಡಿಸಬೇಕೆಂದಿದ್ದೇವೆ. 8 ಜಿಬಿ ಸಾಕೇ, 64 ಜಿಬಿಯದೇ ಬೇಕೇ?

ಉತ್ತರ: 8 ಜಿಬಿ ಧಾರಾಳವಾಗಿ ಸಾಕು, ಜೊತೆಗೆ ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಒಳ್ಳೆಯದು. ಆದರೆ ತಾಳಮದ್ದಳೆ ಕೇಳುವವರು ಜಿಬಿಗಿಂತ ಮೊದಲು ನೋಡಬೇಕಾದ್ದು, ನಿಲ್ಲಿಸಿದ ಜಾಗದಿಂದಲೇ ಪ್ಲೇಯರ್ ಮತ್ತೆ ಶುರು ಮಾಡುತ್ತದೆಯೇ ಎಂಬುದನ್ನು.

ಜಾಗದ ಲೆಕ್ಕ ಮೊದಲು ಮುಗಿಸೋಣ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3ಗೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ, ಗಂಟೆಗೆ 58 ಎಂಬಿ ಬೇಕು. 8 ಜಿಬಿಯಲ್ಲಿ ಪ್ಲೇಯರಿನ ಸ್ವಂತ ತಂತ್ರಾಂಶಕ್ಕೆ ಸ್ವಲ್ಪ ಹೋದರೂ ನೂರಿಪ್ಪತ್ತು ಗಂಟೆಯ ಧ್ವನಿ ಹಿಡಿಸುತ್ತದೆ. ಮಾತೇ ಹೆಚ್ಚಿರುವ ತಾಳಮದ್ದಳೆ ಕೂಟ 64 ಕೆಬಿಪಿಎಸ್ ಮೊನೊದಲ್ಲೂ (ಎರಡು ಕಿವಿಗೂ ಒಂದೇ ಧ್ವನಿ) ಸ್ಪಷ್ಟವಾಗಿ ಕೇಳುತ್ತದೆ. ನಾಲ್ಕು ಗಂಟೆಯ ಕೂಟಕ್ಕೆ ಆಗ 115 ಎಂಬಿ ಸಾಕು. ಹಾಗೆಂದು ನಿಮ್ಮಲ್ಲಿರುವ ಎಂಪಿ3ಯನ್ನು ಜಾಗ ಉಳಿಸಲೆಂದು ಮತ್ತೊಮ್ಮೆ ಎಂಪಿ3 ಮಾಡಬೇಡಿ. ಒಮ್ಮೆ ಕಳೆದುಕೊಂಡಿರುವ ನಾದದಿಂದ ಇನ್ನಷ್ಟು ಕಳೆಯುತ್ತದೆ. ಚಕ್ರತಾಳದ ಸದ್ದು ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ದಾಸರ ಪದಗಳನ್ನು ಸಿಡಿಯಿಂದ, ನಾದ ಸ್ವಲ್ಪವೂ ಕಳೆಯದ ಫ್ಲ್ಯಾಕ್ ರೂಪದಲ್ಲಿ ತೆಗೆದರೆ ಗಂಟೆಗೆ 300 ಎಂಬಿ ಆಸುಪಾಸು ಬೇಕಾದೀತು. ಮನೆಯ ಕೋಣೆಯಲ್ಲಿ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳುವವರಿಗೆ ಅದು ಸರಿ. ಪಂಪ್‌ಸೆಟ್ಟಿನ ಸದ್ದಿನ ನಡುವೆ ಆ ವ್ಯತ್ಯಾಸ ಕಿವಿಗೆ ಗೊತ್ತಾಗುವುದಿಲ್ಲ. ಪೆಟ್ಟಿಗೆಯ ಮೇಲಿನ 'ಹೈ-ರೆಸ್' ಚೀಟಿಗೆ ದುಡ್ಡು ಕೊಡಬೇಡಿ.

ಈಗ ಮುಖ್ಯ ವಿಷಯ. ಅಗ್ಗದ ಪ್ಲೇಯರ್‌ಗಳೆಲ್ಲ ಐದು ನಿಮಿಷದ ಸಿನಿಮಾ ಹಾಡನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದವು. ಅರ್ಥಧಾರಿಯ (ಪಾತ್ರವಾಗಿ ಮಾತಾಡುವವರ) ಪೀಠಿಕೆ ಅರ್ಧ ಕೇಳಿ ಊಟಕ್ಕೆ ಎದ್ದು, ಬಂದು ಮತ್ತೆ ಆನ್ ಮಾಡಿದರೆ ಕೆಲವು ಪ್ಲೇಯರ್ ಮೊದಲ ಫೈಲಿಗೇ ಹೋಗುತ್ತವೆ; ಇನ್ನು ಕೆಲವು ಅದೇ ಫೈಲನ್ನು ತೆಗೆದರೂ ಸೊನ್ನೆ ನಿಮಿಷದಿಂದ ಶುರು ಮಾಡುತ್ತವೆ. ಎರಡು ಗಂಟೆಯ ಫೈಲಿನಲ್ಲಿ ಕಳೆದ ಜಾಗ ಹುಡುಕಲು ಬಟನ್ ಒತ್ತಿ ಹಿಡಿದು ಕೂರಬೇಕು. ವಯಸ್ಸಾದವರು ಪ್ಲೇಯರನ್ನು ಮೂಲೆಗೆ ಹಾಕುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಅಂಗಡಿಗೆ ಹೋಗುವಾಗ ಎರಡು ಉದ್ದದ ಫೈಲಿರುವ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಒಂದು ಫೈಲನ್ನು ಇಪ್ಪತ್ತನೇ ನಿಮಿಷಕ್ಕೆ ಓಡಿಸಿ, ಪೂರ್ತಿ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಅಲ್ಲಿಂದಲೇ ಶುರುವಾದರೆ ಮೊದಲ ಪರೀಕ್ಷೆ ಪಾಸು. ಬಳಿಕ ಎರಡನೇ ಫೈಲನ್ನು ಸ್ವಲ್ಪ ಕೇಳಿ ಮೊದಲನೆಯದಕ್ಕೆ ಮರಳಿ. ಆಗಲೂ ಜಾಗ ನೆನಪಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು, ಆದರೆ ಅಂಥವು ಕಡಿಮೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವವರಿಗೆ ಈ ಪರೀಕ್ಷೆ ಕೌಂಟರಿನಲ್ಲೇ ಆಗುತ್ತದೆ. ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸು ಮಾಡುವ ಗಡುವು ನೋಡಿಕೊಂಡು, ಬಂದ ದಿನವೇ ಮಾಡಿ.

ಸಿಕ್ಕ ಪ್ಲೇಯರಿಗೆ ಜಾಗ ನೆನಪಿಡಲು ಬಾರದಿದ್ದರೆ ಫೈಲನ್ನೇ ಇಪ್ಪತ್ತು ನಿಮಿಷದ ತುಂಡುಗಳಾಗಿ ಕತ್ತರಿಸುವುದು ಒಳ್ಳೆಯ ಉಪಾಯ. ಕಂಪ್ಯೂಟರಿನಲ್ಲಿ 'ಎಂಪಿ3 ಡೈರೆಕ್ಟ್ ಕಟ್' ಎಂಬ ಉಚಿತ ತಂತ್ರಾಂಶ ಧ್ವನಿಯನ್ನು ಕೆಡಿಸದೆ ಕತ್ತರಿಸಿ ಕೊಡುತ್ತದೆ. ತುಂಡುಗಳಿಗೆ 01, 02 ಎಂದೇ ಹೆಸರಿಡಿ. ಬರೀ 1, 2 ಎಂದಿಟ್ಟರೆ 1ರ ಬೆನ್ನಿಗೆ 10 ಬಂದು ಕೂರುತ್ತದೆ. ಇನ್ನೊಂದು ತೊಡಕು: ಅಗ್ಗದ ಪ್ಲೇಯರ್‌ಗಳಲ್ಲಿ ಬಹಳಷ್ಟು ಹೆಸರನ್ನು ನೋಡುವುದೇ ಇಲ್ಲ, ಕಾರ್ಡಿಗೆ ಯಾವ ಕ್ರಮದಲ್ಲಿ ಕಾಪಿ ಆಯಿತೋ ಅದೇ ಕ್ರಮದಲ್ಲಿ ಹಾಡುತ್ತವೆ. ಹಾಗಾಗಿ ಖಾಲಿ ಫೋಲ್ಡರಿಗೆ 01ರಿಂದ ಒಂದೊಂದಾಗಿ ಕಾಪಿ ಮಾಡಿ. ಕರ್ಣನ ಸಾವಾದ ಮೇಲೆ ಅವನ ಪೀಠಿಕೆ ಕೇಳಿಸಿದರೆ ಬಹುತೇಕ ಇದೇ ಕಾರಣ.

ಫೈಲಿನ ಹೆಸರನ್ನು ಕನ್ನಡದಲ್ಲಿ ಬರೆಯುವ ಆಸೆ ಸಹಜ. ಪರದೆಯ ಮೇಲೆ 'ಕೃಷ್ಣಾರ್ಜುನ' ಎಂಬ ಒಂದೇ ಪದ ಹಾಕಿ ನೋಡಿ. ಕನ್ನಡ ಅಕ್ಷರವೇ ಇಲ್ಲದ ಪ್ಲೇಯರಿನಲ್ಲಿ ಚೌಕಗಳ ಸಾಲು ಬರುತ್ತದೆ. ಅಕ್ಷರವಿದ್ದು ಜೋಡಿಸಲು ಬಾರದಿದ್ದರೆ ಷಕಾರದ ಅಡಿಗೆ ಹೋಗಬೇಕಾದ ಣಕಾರ ಪಕ್ಕದಲ್ಲಿ ನಿಂತಿರುತ್ತದೆ, ಅರ್ಕಾವತ್ತು ಜಕಾರದ ಬಲಕ್ಕೆ ಬಾರದೆ ಎಡಕ್ಕೇ ಉಳಿಯುತ್ತದೆ. ಆಂಡ್ರಾಯ್ಡ್ ಇರುವ ದುಬಾರಿ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಸರಿಯಾಗಿ ಕಾಣುತ್ತದೆ, ಆದರೆ ಅವುಗಳಲ್ಲಿ ಮತ್ತೆ ಟಚ್ ಪರದೆಯೇ. ಕನ್ನಡಿಗರಿಗೆ ಮಾರುವ ಯಂತ್ರ ಕನ್ನಡವನ್ನು ತೋರಿಸಬೇಕು. ಅಂಗಡಿಯವರನ್ನು ಕೇಳಿಯೇ ಬನ್ನಿ. ಸದ್ಯಕ್ಕೆ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದು, ಯಾವ ಫೋಲ್ಡರಿನಲ್ಲಿ ಏನಿದೆ ಎಂಬ ಪಟ್ಟಿಯನ್ನು ದಪ್ಪ ಕನ್ನಡದಲ್ಲಿ ಚೀಟಿಗೆ ಬರೆದುಕೊಡಿ.

ಬಟನ್‌ಗಳು ನೋಡದೆಯೇ ಬೆರಳಿಗೆ ಸಿಗುವಂತಿರಬೇಕು. ಜೇಬಿನಲ್ಲಿ ತಾನಾಗಿ ಒತ್ತಿಹೋಗದಂತೆ ಹೋಲ್ಡ್ ಸ್ವಿಚ್ ಇರಲಿ. ಇಯರ್‌ಫೋನಿನ ತೂತು 3.5 ಮಿಲಿಮೀಟರಿನದೇ ಆಗಿದ್ದರೆ ವೈರು ಹರಿದಾಗ ಯಾವ ಊರಿನಲ್ಲೂ ಬೇರೆಯದು ಸಿಗುತ್ತದೆ.

ಮೆಮೊರಿ ಕಾರ್ಡ್ 32 ಜಿಬಿ ಮೀರುವುದು ಬೇಡ. 4ರಿಂದ 32 ಜಿಬಿವರೆಗಿನ ಕಾರ್ಡುಗಳು ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಬರುತ್ತವೆ, ಚಿಕ್ಕ ಪ್ಲೇಯರ್‌ಗಳಿಗೆ ಅರ್ಥವಾಗುವುದು ಅದೇ. 64 ಜಿಬಿಯಿಂದ ಮೇಲಿನವು ಎಕ್ಸ್‌ಫ್ಯಾಟ್ ಎಂಬ ಹೊಸ ಪದ್ಧತಿಯವು. ಹಾಕಿದರೆ 'ಕಾರ್ಡ್ ಇಲ್ಲ' ಎನ್ನುವ ಪ್ಲೇಯರ್‌ಗಳು ಹಲವು. ತೀರಾ ಅಗ್ಗಕ್ಕೆ ಸಿಗುವ ಕಾರ್ಡಿನಲ್ಲಿ ಮೋಸವೂ ಇರುತ್ತದೆ. ಒಳಗೆ 4 ಅಥವಾ 8 ಜಿಬಿ ಚಿಪ್ ಇಟ್ಟು, ಕಂಪ್ಯೂಟರಿಗೆ 64 ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ತುಂಬುವವರೆಗೆ ಎಲ್ಲ ಸರಿ. ಆಮೇಲೆ ಹಾಕಿದ್ದು ಹೆಸರಿಗೆ ಮಾತ್ರ ಇರುತ್ತದೆ, ಹಾಡುವುದಿಲ್ಲ. ಹೊಸ ಕಾರ್ಡನ್ನು 'ಎಚ್2ಟೆಸ್ಟ್‌ಡಬ್ಲ್ಯೂ' ಎಂಬ ಉಚಿತ ತಂತ್ರಾಂಶದಲ್ಲಿ ಹಾಕಿದರೆ ಪೂರ್ತಿ ತುಂಬಿಸಿ, ಓದಿ ನೋಡಿ ಹೇಳುತ್ತದೆ. 32 ಜಿಬಿಗೆ ಒಂದು ಗಂಟೆ ಹಿಡಿದರೂ ಮಾಡಿ.

ಸಂಗೀತದ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿಕೊಂಡ ಹಾಡು ಈ ಪ್ಲೇಯರಿಗೆ ಬರುವುದಿಲ್ಲ. ಅದಕ್ಕೆ ಬೀಗ ಹಾಕಿರುತ್ತಾರೆ, ಆ ಆ್ಯಪಿನಲ್ಲಿ ಮಾತ್ರ ಹಾಡುತ್ತದೆ. ಮನೆಯಲ್ಲಿರುವ ಸಿಡಿಗಳಿಂದ ನೀವೇ ತೆಗೆದುಕೊಳ್ಳಬೇಕು. ಕ್ಯಾಸೆಟ್ಟಾದರೆ ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ವೈರು ಕೊಟ್ಟು 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು. ಅರ್ಧ ಗಂಟೆಯ ಒಂದು ಬದಿಗೆ ಅರ್ಧ ಗಂಟೆಯೇ ಹಿಡಿಯುತ್ತದೆ. ಹಳೆಯ ಟೇಪು ದಿನೇ ದಿನೇ ಮಂಕಾಗುತ್ತಿರುವಾಗ ಈ ಕೆಲಸ ಮುಂದೂಡಬೇಡಿ, ಮಾಡಿದ್ದರ ಒಂದು ಪ್ರತಿ ಕಂಪ್ಯೂಟರಿನಲ್ಲೂ ಇರಲಿ.

ಕೊನೆಗೆ ಚಾರ್ಜು. ಟೈಪ್-ಸಿ ತೂತಿರುವ ಅಗ್ಗದ ಪ್ಲೇಯರನ್ನು ಹೊಸ ಫೋನಿನ ಚಾರ್ಜರಿಗೆ, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಸಿಕ್ಕಿಸಿದರೆ ಎಷ್ಟೋ ಸಲ ಚಾರ್ಜೇ ಆಗುವುದಿಲ್ಲ. ಕರೆಂಟು ಕೊಡು ಎಂದು ಚಾರ್ಜರಿಗೆ ತಿಳಿಸುವ ಎರಡು ಪುಟ್ಟ ರೆಸಿಸ್ಟರ್‌ಗಳನ್ನು ತಯಾರಕರು ಉಳಿತಾಯಕ್ಕೆಂದು ಬಿಟ್ಟಿರುತ್ತಾರೆ. ಪ್ಲೇಯರ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ಲಿನಲ್ಲಿ, ಸಾಧಾರಣ 5 ವೋಲ್ಟ್ ಚಾರ್ಜರಿಗೆ ಹಾಕಿ ನೋಡಿ. ಆ ಕೇಬಲ್ಲನ್ನು ಪ್ಲೇಯರಿನ ಜೊತೆಯಲ್ಲೇ ಕಟ್ಟಿಡಿ.