ಕಡಿದ ಕಬ್ಬು ಕಾಯುವುದಿಲ್ಲ

ಫಿಲಿಪ್ಪೀನ್ಸ್ ದೇಶದ ಸಕ್ಕರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಒಂದೇ ಪ್ರಾಂತ್ಯದಿಂದ. ನೆಗ್ರೋಸ್ ದ್ವೀಪದ ಪಶ್ಚಿಮ ಭಾಗ ಅದು, ಹೆಸರು ನೆಗ್ರೋಸ್ ಒಕ್ಸಿಡೆಂಟಲ್. ಒಂದು ಕಡೆ ಕನ್ಲಾವೋನ್ ಜ್ವಾಲಾಮುಖಿ, ಅದರ ಬೂದಿ ಬಿದ್ದ ಫಲವತ್ತಾದ ಮಣ್ಣು, ಅಲ್ಲಿಂದ ಸಮುದ್ರದ ಕಡೆಗೆ ಇಳಿಜಾರಿನಲ್ಲಿ ಕಬ್ಬೇ ಕಬ್ಬು. ಕರಾವಳಿಯ ಉದ್ದಕ್ಕೂ ಊರುಗಳ ಸಾಲು: ಕಡಿಜ್, ವಿಕ್ಟೋರಿಯಾಸ್, ಸಿಲಾಯ್, ತಲಿಸಾಯ್, ರಾಜಧಾನಿ ಬಕೊಲೊಡ್, ಬಾಗೊ. ಈ ಊರುಗಳು ಯಾವಾಗ ಉಣ್ಣಬೇಕು, ಯಾವಾಗ ಉಪವಾಸ ಇರಬೇಕು ಅನ್ನುವುದನ್ನು ಬಹುಕಾಲ ಕಬ್ಬೇ ಹೇಳುತ್ತಿತ್ತು.

ಬೆಳೆಯುವಷ್ಟು ದಿನ ಕಬ್ಬು ತಾನು ಮಾಡಿದ ಸಕ್ಕರೆಯನ್ನು ತಾನೇ ಖರ್ಚು ಮಾಡುತ್ತದೆ. ಮಳೆ ನಿಂತು ನೆಲ ಒಣಗಿದಾಗ ಬೆಳವಣಿಗೆ ನಿಧಾನವಾಗುತ್ತದೆ. ಆದರೆ ಎಲೆಗಳ ಕೆಲಸ ನಿಲ್ಲುವುದಿಲ್ಲ, ಹಾಗಾಗಿ ಸುಕ್ರೋಸ್ ಜಲ್ಲೆಯಲ್ಲಿ ಕೂಡುತ್ತಾ ಹೋಗುತ್ತದೆ. ಕಡಿದ ಕೂಡಲೇ ಆಟ ತಿರುಗುತ್ತದೆ. ಜಲ್ಲೆಯೊಳಗಿನ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರುಕ್ಟೋಸ್ ಎಂದು ಒಡೆಯುತ್ತದೆ. ಸಿಹಿ ಇರುತ್ತದೆ, ಆದರೆ ಹರಳು ಕಟ್ಟುವುದಿಲ್ಲ, ಕಾಕಂಬಿಗೆ ಸೇರುತ್ತದೆ. ಕಡಿದ ತುದಿಯಿಂದ ಬ್ಯಾಕ್ಟೀರಿಯಾ ಹೊಕ್ಕರೆ ರಸ ಲೋಳೆಯಾಗುತ್ತದೆ. ಒಂದೆರಡು ದಿನದೊಳಗೆ ಅರೆಯದಿದ್ದರೆ ನಷ್ಟ. ಕಾರ್ಖಾನೆಯ ಗೇಟಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾದಿರುವ ಮಂಡ್ಯದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಅಂದರೆ ಗದ್ದೆ ಎಲ್ಲೋ, ಕಾರ್ಖಾನೆ ಎಲ್ಲೋ ಇದ್ದರೆ ಆಗದು. ಪಕ್ಕದ ಪನಾಯ್ ದ್ವೀಪದ ಇಲೊಯಿಲೊ ಬಂದರು 1855ರಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆಯಿತು. ಮರುವರ್ಷ ಬ್ರಿಟಿಷ್ ಉಪರಾಯಭಾರಿಯಾಗಿ ಬಂದ ನಿಕೋಲಸ್ ಲೋನಿ ಕಬ್ಬಿಣದ ಗಾಣಗಳನ್ನು ತರಿಸಿ ಸಾಲದ ಮೇಲೆ ಕೊಟ್ಟ. ಅವನೇ ಮ್ಯಾಂಚೆಸ್ಟರ್‌ನ ಅಗ್ಗದ ಬಟ್ಟೆಯನ್ನೂ ತಂದ. ಇಲೊಯಿಲೊದ ಮಗ್ಗಗಳು ಸೊರಗಿದವು, ಅಲ್ಲಿಯ ದುಡ್ಡೂ ಜನರೂ ನೆಗ್ರೋಸಿಗೆ ದಾಟಿದರು. ಆಗ ತೋಟಕ್ಕೊಂದು ಆಲೆಮನೆ, ಬೆಲ್ಲದಂಥ ಕಂದು ಮಸ್ಕೊವಾಡೊ ಸಕ್ಕರೆ. 1910ರ ದಶಕದಲ್ಲಿ ದೊಡ್ಡ ಕಾರ್ಖಾನೆಗಳು ಬಂದವು. ದೂರದ ಗದ್ದೆಗಳಿಂದ ಬೇಗ ಕಬ್ಬು ತರಲು ಅವು ಹಳಿ ಹಾಕಿದವು. ಸಿಲಾಯ್‌ನಲ್ಲಿ ಕಬ್ಬಿನ ಸಿಪ್ಪೆಯನ್ನೇ ಉರಿಸಿಕೊಂಡು ಓಡುವ ಉಗಿಬಂಡಿಗಳಿದ್ದವು. ನನಗಂತೂ ಆ ಊರಿನ ಜಮೀನ್ದಾರರ ಹಳೆಯ ಬಂಗಲೆಗಳಿಗಿಂತ ಇದೇ ಚೆಂದ ಅನಿಸುತ್ತದೆ.

ಒಣಹವೆಯಲ್ಲಿ ಮಾತ್ರ ಹಣ್ಣಾಗುವ ಬೆಳೆಗೆ ಹಂಗಾಮು ಮುಗಿದ ಮೇಲೆ ಆಳು ಬೇಡ. ಕಟಾವಿಗೆಂದು ಪನಾಯ್‌ನಿಂದ ಬರುವ ‘ಸಕಾಡಾ’ ಕೂಲಿಗಳು ವಾಪಸ್ ಹೋಗುತ್ತಾರೆ. ತೋಟದಲ್ಲೇ ಇರುವವರಿಗೆ ಸುಮಾರು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ‘ತಿಯೆಂಪೊ ಮ್ವೆರ್ತೊ’, ಅಂದರೆ ಸತ್ತ ಕಾಲ. ಕೂಲಿ ಇಲ್ಲ. ಸುತ್ತ ಕಬ್ಬು ಎದೆಯುದ್ದ ಬೆಳೆಯುತ್ತಿದ್ದರೂ ಊಟಕ್ಕೆ ಸಾಲವೇ ಗತಿ. ಆದರೆ ಹಸಿವನ್ನು ಪೂರ್ತಿ ಗಿಡದ ತಲೆಗೆ ಕಟ್ಟುವುದು ತಪ್ಪು. ಕೂಲಿಯವನಿಗೆ ತರಕಾರಿ ಬೆಳೆಯಲು ಒಂದು ತುಂಡು ನೆಲವೂ ಇಲ್ಲದಂತೆ ಮಾಡಿದ್ದು ಜಮೀನು ಹಂಚಿಕೆ.

ಅದರ ಬೆಲೆ 1980ರ ದಶಕದಲ್ಲಿ ಕಂಡಿತು. ಅಮೆರಿಕದ ಮೀಸಲು ಮಾರುಕಟ್ಟೆ 1974ರಲ್ಲಿ ಕೈತಪ್ಪಿತು. ಆ ವರ್ಷ ಜಗತ್ತಿನ ಮಾರುಕಟ್ಟೆಯಲ್ಲಿ ಒಂದು ಪೌಂಡ್ ಸಕ್ಕರೆ 60 ಸೆಂಟ್ ದಾಟಿತ್ತು, 1985ರಲ್ಲಿ 3 ಸೆಂಟ್ ಹತ್ತಿರಕ್ಕೆ ಬಿತ್ತು. ಆಗಿನ ಅಧ್ಯಕ್ಷ ಮಾರ್ಕೋಸ್‌ನ ಸರ್ಕಾರದ ಏಕಸ್ವಾಮ್ಯದ ಖರೀದಿಯೂ ಬೆಳೆಗಾರರನ್ನು ಹಿಂಡಿತ್ತು. ಗದ್ದೆಗಳು ಪಾಳುಬಿದ್ದವು, ಮಕ್ಕಳು ಹಸಿವಿನಿಂದ ಸತ್ತರು. 1985ರ ಸೆಪ್ಟೆಂಬರ್ 20ರಂದು ಎಸ್ಕಲಾಂತೆ ಊರಿನಲ್ಲಿ ಪ್ರತಿಭಟನೆಗೆ ಬಂದವರ ಮೇಲೆ ಸರ್ಕಾರಿ ಪಡೆಗಳು ಗುಂಡು ಹಾರಿಸಿ 20 ಜನರನ್ನು ಕೊಂದವು.

ಕ್ಷಾಮದ ಬೆನ್ನಿಗೆ, 1987ರಲ್ಲಿ, ಆಲ್ಟರ್ ಟ್ರೇಡ್ ಎಂಬ ಸಂಸ್ಥೆ ಹಳೆಯ ಮಸ್ಕೊವಾಡೊವನ್ನೇ ನ್ಯಾಯಬೆಲೆಗೆ ಹೊರದೇಶಕ್ಕೆ ಮಾರಲು ಶುರುಮಾಡಿತು. 1989ರಿಂದ ಗುಡ್ಡದ ಮೇಲಿನ ಸಣ್ಣ ರೈತರ ಬಲಂಗೋನ್ ಬಾಳೆ ಜಪಾನಿಗೆ ಹೋಗತೊಡಗಿತು. ಬಾಳೆಗೆ ಸತ್ತ ಕಾಲ ಇಲ್ಲ, ಅದು ವರ್ಷವಿಡೀ ಗೊನೆ ಬಿಡುತ್ತದೆ.