ಗುಡ್ಡದ ಮೇಲೆ ಹ್ಯಾಮ್ ರೇಡಿಯೊ: ಎಷ್ಟು ವ್ಯಾಟಿನ ಸೋಲಾರ್ ಪ್ಯಾನೆಲ್ ಬೇಕು?

ಪ್ರಶ್ನೆ: ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದಿದೆ. 20 ವ್ಯಾಟಿನ ಎಚ್‌ಎಫ್ (ಶಾರ್ಟ್‌ವೇವ್) ರೇಡಿಯೊ ಕೂಡ ತಗೊಂಡಿದ್ದೇನೆ. ರಜೆ ದಿನ ಊರಾಚೆಯ ಗುಡ್ಡದ ಮೇಲೆ ಕೂತು ಬೆಳಗ್ಗೆಯಿಂದ ಸಂಜೆವರೆಗೆ ಪೂರ್ತಿ ಸೋಲಾರ್‌ನಲ್ಲೇ ಸ್ಟೇಷನ್ ನಡೆಸಬೇಕು ಅಂತ ಆಸೆ. 100 ವ್ಯಾಟಿನ ಪ್ಯಾನೆಲ್ ಸಾಕಾ, 200 ಬೇಕಾ?

ಉತ್ತರ: ಒಂದೇ ದಿನದ ಮಾತಾದರೆ ನಿಮಗೆ ಪ್ಯಾನೆಲ್ಲೇ ಬೇಡ. 15 ಎಎಚ್‌ನ (ಆಂಪಿಯರ್-ಅವರ್, ಅಂದರೆ ಆಂಪಿಯರ್ × ಗಂಟೆ) ಒಂದು ಒಳ್ಳೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು. ರಾತ್ರಿ ಅಲ್ಲೇ ಉಳಿದು ಮಾರನೇ ದಿನವೂ ನಡೆಸುತ್ತೀರಿ ಅಂದರೆ 50 ವ್ಯಾಟಿನ ಪ್ಯಾನೆಲ್. 100 ಇದ್ದರೆ ಧಾರಾಳ. 200 ವ್ಯಾಟನ್ನು ಗುಡ್ಡಕ್ಕೆ ಹೊರುವುದು ಸುಮ್ನೆ ಬೆನ್ನಿಗೆ ಶಿಕ್ಷೆ.

ಈ ಪ್ರಶ್ನೆ ಕೇಳುವವರೆಲ್ಲ ಸಾಮಾನ್ಯವಾಗಿ ಪ್ಯಾನೆಲ್‌ನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ರೇಡಿಯೊದಿಂದ. ಅದೂ ಅದು ಎಷ್ಟು ವ್ಯಾಟ್ ಬಿಡುತ್ತದೆ ಅನ್ನುವುದರಿಂದ ಅಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತಾ ಕೂತಾಗ ಎಷ್ಟು ಕರೆಂಟ್ ಕುಡಿಯುತ್ತದೆ ಅನ್ನುವುದರಿಂದ. ಗುಡ್ಡದ ಮೇಲೆ ನೀವು ಮಾತಾಡುವುದಕ್ಕಿಂತ ಕೇಳುವುದೇ ಜಾಸ್ತಿ, ಅಲ್ವಾ? ಷೀಗು ಜಿ90 ತರಹದ 20 ವ್ಯಾಟಿನ ಸೆಟ್ ಕೇಳುವಾಗ ಹೆಚ್ಚೆಂದರೆ ಅರ್ಧ ಆಂಪಿಯರ್ ಎಳೆಯುತ್ತದೆ, ಪೂರ್ತಿ ಪವರ್‌ನಲ್ಲಿ ಬಿಡುವಾಗ 8 ಆಂಪಿಯರ್‌ವರೆಗೂ ಹೋಗುತ್ತದೆ. ಆದರೆ ಎಸ್‌ಎಸ್‌ಬಿಯಲ್ಲಿ (ಎಚ್‌ಎಫ್‌ನಲ್ಲಿ ದನಿ ಕಳಿಸುವ ಸಾಮಾನ್ಯ ವಿಧಾನ) ಮಾತಾಡುವಾಗ ಪವರ್ ನಿಮ್ಮ ದನಿಯ ಜೊತೆ ಏರಿಳಿಯುತ್ತದೆ, ನಡುವೆ ಉಸಿರು ತಗೊಂಡಾಗ ಬಿದ್ದೇಹೋಗುತ್ತದೆ. ಹಾಗಾಗಿ ಸರಾಸರಿ 4 ಆಂಪಿಯರ್ ಅಂತ ಹಿಡಿದರೆ ಸಾಕು.

ಈಗ ಲೆಕ್ಕ ಹಾಕೋಣ. ಎಂಟು ಗಂಟೆಯ ದಿನ, ಅದರಲ್ಲಿ ಐದನೇ ಒಂದು ಪಾಲು ಮಾತು. 1.6 ಗಂಟೆ × 4 ಆಂಪಿಯರ್ ಅಂದರೆ 6.4 ಎಎಚ್. ಉಳಿದ 6.4 ಗಂಟೆ ಕೇಳುವುದಕ್ಕೆ ಅರ್ಧ ಆಂಪಿಯರ್‌ನಂತೆ 3.2. ಒಟ್ಟು ಹತ್ತು ಎಎಚ್ ಹತ್ತಿರ. ಇಡೀ ದಿನಕ್ಕೆ ಇಷ್ಟೇ. ಹೈದರಾಬಾದ್‌ನ ಅಶರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟ್‌ಎಕ್ಸ್ ಸರಣಿಯ ಕಿಟ್ ಕಟ್ಟಿಕೊಂಡವರಿಗೆ ಇನ್ನೂ ಕಡಿಮೆ. ಅವು 10 ವ್ಯಾಟ್ ಆಸುಪಾಸಿನವು, ಕೇಳುವಾಗ ತೀರಾ ಅಲ್ಪ ಕರೆಂಟ್‌ನಲ್ಲಿ ನಡೆಯುತ್ತವೆ.

ಈ ಲೆಕ್ಕ ತಲೆಕೆಳಗಾಗುವುದು ಎಫ್‌ಟಿ8 ಹಾಕಿದಾಗ, ಅಂದರೆ ಬಾಯಿಯ ಬದಲು ಕಂಪ್ಯೂಟರಿನಿಂದ ಪುಟ್ಟ ಸಂದೇಶ ಕಳಿಸುವಾಗ. ಅದರಲ್ಲಿ 15 ಸೆಕೆಂಡಿನ ಸರದಿ. ನಿಮ್ಮ ಸರದಿ ಬಂದಾಗ 12.64 ಸೆಕೆಂಡ್ ಪೂರ್ತಿ ಪವರ್, ಏರಿಳಿತವೇ ಇಲ್ಲ. ದಿನವಿಡೀ ಸಿಕ್ಯೂ ('ಯಾರಾದರೂ ಇದ್ದೀರಾ' ಅನ್ನುವ ಕರೆ) ಕೂಗುತ್ತಲೇ ಇದ್ದರೆ ಅದೇ ರೇಡಿಯೊ 30 ಎಎಚ್ ಹತ್ತಿರ ನುಂಗುತ್ತದೆ. ಜೊತೆಗೆ ಲ್ಯಾಪ್‌ಟಾಪ್! 30 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಎಂಟು ಗಂಟೆಗೆ ಹತ್ತಿರ ಹತ್ತಿರ 19 ಎಎಚ್ ತಿನ್ನುತ್ತದೆ, ಅಂದರೆ ನೀವು ಬಾಯಲ್ಲಿ ಮಾತಾಡಿ ಖರ್ಚು ಮಾಡಿದ್ದರ ಹೆಚ್ಚುಕಡಿಮೆ ಎರಡರಷ್ಟು. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಫ್‌ಟಿ8 ಬೇಕೇ ಬೇಕು ಅನ್ನುವವರು ಪವರ್ 5 ವ್ಯಾಟಿಗೆ ಇಳಿಸಿ, ಫೋನಿನಲ್ಲೋ ಟ್ಯಾಬ್‌ನಲ್ಲೋ ನಡೆಸಿ.

ಹಾಗಾದರೆ 100 ವ್ಯಾಟಿನ ರೇಡಿಯೊ ತಗೊಳ್ಳಬೇಕಿತ್ತಾ ಅಂತ ಕೆಲವರು ಕೊರಗುತ್ತಾರೆ. ಬೇಡ. ಪವರ್ ನಾಲ್ಕು ಪಟ್ಟು ಮಾಡಿದರೆ ಆಚೆಯವರ ಸಿಗ್ನಲ್ ಮೀಟರ್‌ನಲ್ಲಿ ಏರುವುದು ಒಂದೇ ಒಂದು ಎಸ್ ಯೂನಿಟ್, ಅಂದರೆ ಆ ಮೀಟರಿನ ಒಂದು ಮೆಟ್ಟಿಲು. 20ರಿಂದ 100ಕ್ಕೆ ಹೋದರೂ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅದಕ್ಕಾಗಿ ಎರಡು-ಮೂರು ಪಟ್ಟು ದೊಡ್ಡ ಬ್ಯಾಟರಿ ಹೊರಬೇಕು. ಅದರ ಬದಲು ಆಂಟೆನಾ ಇನ್ನೊಂದಿಷ್ಟು ಮೇಲೆ ಏರಿಸಿ. 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್ ಸುತ್ತಮುತ್ತಲಿನ ಫ್ರೀಕ್ವೆನ್ಸಿಗಳು) ಸುಮಾರು 20 ಮೀಟರ್ ತಂತಿ, ನಡುವೆ ಒಂದು ಬಿದಿರು ಗಳ ಅಥವಾ ಫೈಬರ್‌ನ ಮೀನು ಹಿಡಿಯುವ ಕೋಲು, ಎರಡೂ ತುದಿ ಇಳಿಜಾರಾಗಿ ಕೆಳಕ್ಕೆ. ಹಗಲು ಹೊತ್ತು ಚೆನ್ನೈ, ಹೈದರಾಬಾದ್, ಕೊಚ್ಚಿಯವರ ಜೊತೆ ಮಾತಾಡಲು ಇದು ಬೇಕಾದಷ್ಟಾಯಿತು.

ಇನ್ನು ಬ್ಯಾಟರಿ. ಬ್ಯಾಟರಿ ಅಂದರೆ ಮನೆ ಮೇಲಿನ ಟ್ಯಾಂಕ್, ಪ್ಯಾನೆಲ್ ಅಂದರೆ ಬೋರ್‌ವೆಲ್ ಮೋಟಾರ್. ನಲ್ಲಿಗೆ ನೀರು ಬರುವುದು ಟ್ಯಾಂಕ್‌ನಿಂದ. ಮೋಡ ಅಡ್ಡ ಬಂದಾಗ ಪ್ಯಾನೆಲ್ ಕೈಕೊಡುತ್ತದೆ, ನೀವು ಮೈಕ್ ಒತ್ತಿದಾಗ 8 ಆಂಪಿಯರ್ ಕೊಡಬೇಕಾದ್ದು ಬ್ಯಾಟರಿಯೇ. ಪ್ಯಾನೆಲ್‌ನಿಂದ ನೇರವಾಗಿ ರೇಡಿಯೊಗೆ ತಂತಿ ಕೊಡುವ ಯೋಚನೆ ಯಾರಿಗಾದರೂ ಇದ್ದರೆ ಇವತ್ತೇ ಬಿಟ್ಟುಬಿಡಿ: '12 ವೋಲ್ಟ್ ಪ್ಯಾನೆಲ್' ಅಂತ ಮಾರುವುದು ಬಿಸಿಲಿನಲ್ಲಿ ಲೋಡ್ ಇಲ್ಲದಾಗ 21-22 ವೋಲ್ಟ್ ಕೊಡುತ್ತದೆ, 13.8 ವೋಲ್ಟಿನ ರೇಡಿಯೊ ಅದರಿಂದ ಸುಟ್ಟುಹೋಗಬಹುದು.

ಯುಪಿಎಸ್‌ನಿಂದ ತೆಗೆದ ಹಳೆಯ ಲೆಡ್ ಆಸಿಡ್ ಬ್ಯಾಟರಿ ಆಗುವುದಿಲ್ಲವಾ? ಮನೆಯಲ್ಲಿ ಆಗುತ್ತದೆ. ಹೊರುವುದಕ್ಕೆ ಆಗುವುದಿಲ್ಲ. 7 ಎಎಚ್‌ನದ್ದೇ ಎರಡು ಕಿಲೋ ದಾಟುತ್ತದೆ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬ್ಯಾಟರಿಯ ಆಯಸ್ಸು ಕರಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ 20 ಎಎಚ್‌ನದ್ದು ಎರಡೂವರೆ ಕಿಲೋ ಆಸುಪಾಸು, 80 ಪರ್ಸೆಂಟ್ ಬಳಸಿದರೂ ತಕರಾರಿಲ್ಲ. ಇನ್ನೊಂದು ಲಾಭ ವೋಲ್ಟೇಜಿನದು. ಎಷ್ಟೋ ರೇಡಿಯೊಗಳು 13.8 ವೋಲ್ಟಿಗೆ 15 ಪರ್ಸೆಂಟ್ ಆಚೀಚೆ ಮಾತ್ರ ಸಹಿಸುತ್ತವೆ, ಅಂದರೆ ಕೆಳಗೆ 11.7ರವರೆಗೆ. ಲೆಡ್ ಆಸಿಡ್ ಬ್ಯಾಟರಿ ಮೈಕ್ ಒತ್ತಿದ ಕೂಡಲೇ ಕುಸಿದು ಆ ಗೆರೆ ಮುಟ್ಟುತ್ತದೆ, ನಿಮ್ಮ ದನಿ ಒಡೆಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಕೊನೆಯವರೆಗೂ 13 ವೋಲ್ಟಿನ ಹತ್ತಿರವೇ ನಿಂತಿರುತ್ತದೆ.

ಅದಕ್ಕೆ ಸಣಕಲು ತಂತಿ ಹಾಕಿ ಆ ಲಾಭ ಕಳೆಯಬೇಡಿ. 2.5 ಚದರ ಮಿಲಿಮೀಟರ್ ತಾಮ್ರದ ತಂತಿ, ಮೂರು ಮೀಟರ್ ದೂರ, 8 ಆಂಪಿಯರ್: ದಾರಿಯಲ್ಲೇ ಮೂರನೇ ಒಂದು ವೋಲ್ಟ್ ಹೋಗುತ್ತದೆ. 100 ವ್ಯಾಟಿನ ಸೆಟ್ 20 ಆಂಪಿಯರ್ ಎಳೆದರೆ ಸುಮಾರು 0.9 ವೋಲ್ಟ್. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಕೊಡುವ ಕರೆಂಟ್ ಅಂತಿಂಥದ್ದಲ್ಲ.

ಈಗ ಪ್ಯಾನೆಲ್‌ಗೆ ಬರೋಣ. ಹತ್ತು ಎಎಚ್ ಅಂದರೆ ಸುಮಾರು 130 ವ್ಯಾಟ್-ಅವರ್. 50 ವ್ಯಾಟ್ ಅಂತ ಬರೆದ ಪ್ಯಾನೆಲ್ ನಿಜವಾದ ಬಿಸಿಲಿನಲ್ಲಿ 35 ಕೊಟ್ಟರೆ ಪುಣ್ಯ. ಯಾಕೆಂದರೆ ಆ ಹಣೆಪಟ್ಟಿಯ ಅಂಕಿ ಸೆಲ್ 25 ಡಿಗ್ರಿ ಇದ್ದಾಗಿನದು. ನಮ್ಮ ಬಿಸಿಲಿಗೆ ಸೆಲ್ 60 ಡಿಗ್ರಿ ಮುಟ್ಟುತ್ತದೆ, ಪ್ರತಿ ಡಿಗ್ರಿಗೆ 0.4 ಪರ್ಸೆಂಟಿನಂತೆ ಅಲ್ಲೇ 14 ಪರ್ಸೆಂಟ್ ಹೋಯಿತು. ಆದರೂ ನಾಲ್ಕೂವರೆ ಗಂಟೆ ಒಳ್ಳೆಯ ಬಿಸಿಲಿದ್ದರೆ 150 ವ್ಯಾಟ್-ಅವರ್ ಹತ್ತಿರ ಬರುತ್ತದೆ, ನಿಮ್ಮ ದಿನದ ಖರ್ಚು ತುಂಬಿಬರುತ್ತದೆ. 50 ವ್ಯಾಟ್ ಅಂದದ್ದು ಈ ಲೆಕ್ಕದ ಮೇಲೆ.

ಪ್ಯಾನೆಲ್ ಯಾವ ಕಡೆ ವಾಲಿಸಬೇಕು? ಎಲ್ಲರೂ ದಕ್ಷಿಣ ಅನ್ನುತ್ತಾರೆ. ಡಿಸೆಂಬರ್‌ನಲ್ಲಿ ಅದು ಸರಿ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ, ಆಗ ನೆಲಕ್ಕೆ ಚಪ್ಪಟೆಯಾಗಿ ಮಲಗಿಸಿದರೆ ನಡುಮಧ್ಯಾಹ್ನವೂ ಸುಮಾರು 20 ಪರ್ಸೆಂಟ್ ನಷ್ಟ. ಆದರೆ ಬೆಂಗಳೂರಿಗೆ ಏಪ್ರಿಲ್ 24ರ ಹೊತ್ತಿಗೆ ಒಂದು, ಆಗಸ್ಟ್ 18ರ ಹೊತ್ತಿಗೆ ಇನ್ನೊಂದು ಶೂನ್ಯ ನೆರಳಿನ ದಿನ ಬರುತ್ತದಲ್ಲ, ಅವೆರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ! ಮೇ ತಿಂಗಳಲ್ಲಿ ದಕ್ಷಿಣಕ್ಕೆ ವಾಲಿಸಿ ಕೂತರೆ ಬಿಸಿಲಿಗೆ ಬೆನ್ನು ತೋರಿಸಿದ ಹಾಗೆ. ಆಗ ಚಪ್ಪಟೆಯಾಗಿ ಮಲಗಿಸಿ, ಸಾಕು. ಇದಕ್ಕಿಂತ ಮುಖ್ಯ ನೆರಳು. ಆಂಟೆನಾ ಕೋಲಿನ ನೆರಳು ಒಂದೇ ಒಂದು ಸಾಲಿನ ಸೆಲ್‌ಗಳ ಮೇಲೆ ಬಿದ್ದರೂ ಪ್ಯಾನೆಲ್‌ನ ದೊಡ್ಡ ಪಾಲು ಕೆಲಸ ನಿಲ್ಲಿಸುತ್ತದೆ. ರೇಡಿಯೊ, ಬ್ಯಾಟರಿ, ನೀವು, ಎಲ್ಲರೂ ನೆರಳಲ್ಲಿ; ಪ್ಯಾನೆಲ್ ಒಂದೇ ಬಿಸಿಲಲ್ಲಿ.

ಇಷ್ಟೆಲ್ಲ ಲೆಕ್ಕಕ್ಕಿಂತ ದೊಡ್ಡ ತಲೆನೋವು ಒಂದಿದೆ, ಅದರ ಬಗ್ಗೆ ಪ್ಯಾನೆಲ್ ಮಾರುವವರು ಸೊಲ್ಲೆತ್ತುವುದಿಲ್ಲ. ನಾಯ್ಸ್.

ಊರಲ್ಲಿ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲ ಸೇರಿ 40 ಮೀಟರ್ ಬ್ಯಾಂಡಿನಲ್ಲಿ ಸದಾ ಗುಂಯ್ ಅನ್ನುತ್ತಿರುತ್ತದೆ, ದೂರದ ಸ್ಟೇಷನ್‌ಗಳು ಅದರಲ್ಲಿ ಮುಳುಗಿಹೋಗುತ್ತವೆ. ಗುಡ್ಡಕ್ಕೆ ಹೋಗುವುದೇ ಆ ಗದ್ದಲ ತಪ್ಪಿಸಿಕೊಳ್ಳಲು. ಅಲ್ಲಿಗೆ ಹೋಗಿ, ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಚಾರ್ಜಿಂಗ್ ಹದ್ದುಬಸ್ತಿನಲ್ಲಿಡುವ ಅಗ್ಗದ ಚಾರ್ಜ್ ಕಂಟ್ರೋಲರ್ ಸಿಕ್ಕಿಸಿ, ಅದೇ ಗದ್ದಲವನ್ನು ಕಾಲಡಿಯಲ್ಲೇ ಇಟ್ಟುಕೊಂಡು ಕೂರುತ್ತೇವೆ. ಪ್ಯಾನೆಲ್‌ನಿಂದ ಆದಷ್ಟೂ ಪವರ್ ಹಿಂಡುವ ಎಂಪಿಪಿಟಿ ಅನ್ನುವ ಬಗೆಯ ಕಂಟ್ರೋಲರ್ ಒಳಗೆ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ, ಲಕ್ಷ ಸಲ ಹಾಕಿ-ಆರಿಸುವ ಸ್ವಿಚ್ ಇರುತ್ತದೆ. ಆ ಸ್ವಿಚಿಂಗ್ ಹುಟ್ಟಿಸುವ ನಾಯ್ಸ್‌ನ ಮರಿಗಳು ಎಚ್‌ಎಫ್ ಉದ್ದಕ್ಕೂ ಎದ್ದುಬರುತ್ತವೆ. ಪ್ಯಾನೆಲ್‌ನ ಐದು ಮೀಟರ್ ತಂತಿಯೇ ಅವಕ್ಕೆ ಆಂಟೆನಾ ಆಗುತ್ತದೆ.

ಕಂಡುಹಿಡಿಯುವುದು ಸುಲಭ. ಯಾರೂ ಮಾತಾಡದ ಒಂದು ಫ್ರೀಕ್ವೆನ್ಸಿಗೆ ಟ್ಯೂನ್ ಮಾಡಿ, ಪ್ಯಾನೆಲ್ ತಂತಿ ಕಿತ್ತು ನೋಡಿ. ಶಬ್ದ ಇಳಿಯಿತಾ? ಹಾಗಾದರೆ ಕಳ್ಳ ಅವನೇ. ಈ ಪರೀಕ್ಷೆ ಗುಡ್ಡ ಹತ್ತುವ ಮೊದಲೇ, ಊರಾಚೆಯ ಯಾವುದಾದರೂ ಬಯಲಿನಲ್ಲಿ ಮಾಡಿ.

ಮದ್ದು? ಎಲ್ಲಕ್ಕಿಂತ ಅಗ್ಗದ್ದು, ಪ್ಯಾನೆಲ್ ತಂತಿಗೆ ಒಂದು ಸ್ವಿಚ್. ದುರ್ಬಲ ಸ್ಟೇಷನ್ ಕೇಳಬೇಕಾದಾಗ ಆರಿಸಿ, ಊಟಕ್ಕೆ ಕೂತಾಗ ಹಾಕಿ. ಎರಡನೆಯದು, ಎಂಪಿಪಿಟಿ ಬದಲು ಪಿಡಬ್ಲ್ಯೂಎಂ ಅನ್ನುವ ಸಾಧಾರಣ ಬಗೆಯ ಕಂಟ್ರೋಲರ್. ಅದರ ಸ್ವಿಚಿಂಗ್ ಸಾಮಾನ್ಯವಾಗಿ ನಿಧಾನ, ಎಚ್‌ಎಫ್‌ನಲ್ಲಿ ಕಾಟ ಕಡಿಮೆ. 100 ವ್ಯಾಟ್ ಪ್ಯಾನೆಲ್‌ನಿಂದ ಅದು 70 ಮಾತ್ರ ತೆಗೆಯುತ್ತದೆ ನಿಜ, ಆದರೆ ನಿಮಗೆ ಬೇಕಾದ್ದೇ ಅಷ್ಟಿಲ್ಲವಲ್ಲ. ಇನ್ನೊಂದು ಮಾತು: ಎಂಪಿಪಿಟಿ ಅಂತ ಮೇಲೆ ಅಚ್ಚು ಹಾಕಿದ ಎಷ್ಟೋ ಅಗ್ಗದ ಡಬ್ಬಿಗಳ ಒಳಗೆ ಇರುವುದು ಪಿಡಬ್ಲ್ಯೂಎಂ. ಒಳಗೆ ದಪ್ಪ ಕಾಯಿಲ್ ಇಲ್ಲ, ತೂಕವೂ ಇಲ್ಲ ಅಂದರೆ ಅನುಮಾನ ಪಡಿ.

ಮೂರನೆಯದು ಫೆರೈಟ್, ತಂತಿಯಲ್ಲಿ ಹರಿಯುವ ನಾಯ್ಸ್ ತಡೆಯುವ ಕಾಂತೀಯ ವಸ್ತು. ತಂತಿಗೆ ಒಂದು ಕ್ಲಿಪ್ ಸಿಕ್ಕಿಸಿ ಕೆಲಸ ಆಯಿತು ಅಂದುಕೊಂಡರೆ 7 ಮೆಗಾಹರ್ಟ್ಸ್‌ನಲ್ಲಿ ಏನೂ ಆಗುವುದಿಲ್ಲ. ಸುತ್ತು ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ದೊಡ್ಡ ಉಂಗುರ ತಗೊಂಡು ಪ್ಲಸ್-ಮೈನಸ್ ಎರಡೂ ತಂತಿ ಜೊತೆಯಾಗಿ ಎಂಟು-ಹತ್ತು ಸುತ್ತು ಹಾಕಿ. ಅಂಗಡಿಯಲ್ಲಿ 31 ಮಿಕ್ಸ್ ಅನ್ನುವ ಬಗೆಯ ಫೆರೈಟ್ ಅಂತ ಕೇಳಿ. ಕಂಟ್ರೋಲರ್‌ನ ಎರಡೂ ಕಡೆ ಒಂದೊಂದು. ಪ್ಯಾನೆಲ್ ತಂತಿಗಳನ್ನು ಹೊಸೆದು ಗಿಡ್ಡವಾಗಿಡಿ, ಆಂಟೆನಾದಿಂದ ದೂರವಿಡಿ.

ಜೋಡಿಸುವಾಗ ಕ್ರಮ ಇದು: ಮೊದಲು ಕಂಟ್ರೋಲರ್‌ಗೆ ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬಿಸಿಲಲ್ಲಿ ಬ್ಯಾಟರಿ ಮಾತ್ರ ಕಳಚಿಕೊಂಡರೆ ಕೆಲವು ಕಂಟ್ರೋಲರ್‌ಗಳು ಪ್ಯಾನೆಲ್‌ನ ವೋಲ್ಟೇಜನ್ನು ಹಾಗೇ ರೇಡಿಯೊಗೆ ದಾಟಿಸುತ್ತವೆ. ಅದಕ್ಕೇ ರೇಡಿಯೊವನ್ನು ನೇರ ಬ್ಯಾಟರಿಗೆ ಕೊಡಿ, ಕಂಟ್ರೋಲರ್‌ನ ಲೋಡ್ ತೂತಿಗೆ ಬೇಡ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಪ್ಯಾನೆಲ್ ಯಾಕೆ ಬೇಕು ಅನ್ನಿಸಬಹುದು. ಕೆಲವು ಕಡೆ ಬೇಕೇ ಬೇಕು. ಬೆಟ್ಟದ ತುದಿಯಿಂದ ಮಾತಾಡುವ ಸಮ್ಮಿಟ್ಸ್ ಆನ್ ದಿ ಏರ್ ಅನ್ನುವ ಹ್ಯಾಮ್‌ಗಳ ಆಟ 2002ರಲ್ಲಿ ಬ್ರಿಟನ್‌ನಲ್ಲಿ ಶುರುವಾಯಿತು, ಅದರಲ್ಲಿ ಪೆಟ್ರೋಲ್, ಡೀಸೆಲ್ ಜನರೇಟರ್‌ಗೆ ಜಾಗವೇ ಇಲ್ಲ. ಬ್ಯಾಟರಿ ಅಥವಾ ಸೋಲಾರ್. ಅಮೆರಿಕದ ಹ್ಯಾಮ್‌ಗಳು ಜೂನ್ ಕೊನೆಯ ಹೊತ್ತಿಗೆ ನಡೆಸುವ ಫೀಲ್ಡ್ ಡೇಯಲ್ಲಿ ಹೀಗೆ ಬೇರೆ ಮೂಲದ ಕರೆಂಟ್‌ನಲ್ಲಿ ಐದು ಸಂಪರ್ಕ ಮಾಡಿದರೆ 100 ಅಂಕ ಜಾಸ್ತಿ. ಆಟದ ಮಾತು ಬಿಡಿ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ನಲ್ಲೇ ಇತ್ತು, ಅಂಡಮಾನ್‌ನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸುವ ಕೆಲಸ ಅವರ ಪಾಲಿಗೆ ಬಂತು. ಕರೆಂಟ್ ಯಾವಾಗ ವಾಪಸ್ ಬರುತ್ತದೋ ಹೇಳಲಾಗದ ಅಂಥ ಕಡೆ ಬ್ಯಾಟರಿ ಎಷ್ಟು ದೊಡ್ಡದಿದ್ದರೂ ಒಂದು ದಿನ ಮುಗಿಯುತ್ತದೆ.

ಜಾಗದ ಬಗ್ಗೆ ಎರಡು ಮಾತು. ಅರಣ್ಯ ಇಲಾಖೆಯ ಗುಡ್ಡವಾದರೆ ಮೊದಲೇ ಅನುಮತಿ ತಗೊಳ್ಳಿ, ಲೈಸೆನ್ಸ್‌ನ ಪ್ರತಿ ಚೀಲದಲ್ಲಿರಲಿ. ತಂತಿ, ಕೋಲು, ಡಬ್ಬಿ ನೋಡಿದ ಯಾರಿಗಾದರೂ ಅನುಮಾನ ಬರುವುದು ಸಹಜ. ತಂತಿ ಎಸೆಯುವ ಮುಂಚೆ ಕರೆಂಟ್ ಲೈನ್ ಹತ್ತಿರ ಇಲ್ಲ ಅಂತ ನೋಡಿ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗಿದರೆ ಇನ್ನೊಂದು ಸಂಪರ್ಕ ಮಾಡೋಣ ಅನ್ನಬೇಡಿ, ಆಂಟೆನಾ ಇಳಿಸಿ ಕೆಳಗೆ ಬನ್ನಿ.

ಕೊಳ್ಳುವ ಕ್ರಮ ಕೇಳಿದರೆ ನನ್ನ ಸಲಹೆ ಇದು. ಮೊದಲು ಬ್ಯಾಟರಿ, ಜೊತೆಗೆ ಎಎಚ್ ಎಣಿಸುವ ಪುಟ್ಟ ವ್ಯಾಟ್‌ಮೀಟರ್. ಪ್ಯಾನೆಲ್ ಇಲ್ಲದೆ ಒಂದು ದಿನ ಹೋಗಿ ಬನ್ನಿ. ಸಂಜೆ ಮೀಟರ್ ತೋರಿಸುವ ಅಂಕಿ ನಿಮ್ಮ ಮಾತಿನ ಚಟಕ್ಕೆ ತಕ್ಕದ್ದು, ನಾನು ಮೇಲೆ ಹಾಕಿದ ಲೆಕ್ಕಕ್ಕಿಂತ ಅದೇ ಸರಿ. ಅದನ್ನು ನೋಡಿಕೊಂಡು ಪ್ಯಾನೆಲ್ ತಗೊಳ್ಳಿ. ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನಲ್ಲಿ ಕೈಯಲ್ಲಿ ಹಿಡಿದು ತೂಕ ನೋಡಿ ತಗೊಳ್ಳಬಹುದು. ಗಾಜಿನ ಪ್ಯಾನೆಲ್ ಗಟ್ಟಿ, ಆದರೆ ಹೊರಲು ಮಡಚುವಂಥದ್ದೇ ಸಲೀಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಕಡೆ ಹೊರಟಿದ್ದರೆ ಮಾತ್ರ ಪ್ಯಾನೆಲ್ ಮನೆಯಲ್ಲೇ ಇರಲಿ. ಆ ಮೋಡದಲ್ಲಿ ಅದು ಹಣೆಪಟ್ಟಿಯ ಹತ್ತಿಪ್ಪತ್ತು ಪರ್ಸೆಂಟ್ ಕೊಟ್ಟರೆ ಹೆಚ್ಚು. ಅಷ್ಟೇ ತೂಕದಲ್ಲಿ ಇನ್ನೊಂದು ಬ್ಯಾಟರಿ ತಗೊಂಡು ಹೋಗಿ.